ಮಣ್ಣಿನ ಕೈ

ಹೋದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮಪ್ಪ ಹೊಲದಾಗ ಬಿದ್ದ.

ನಮ್ಮೂರು ಜೇವರ್ಗಿ ತಾಲ್ಲೂಕಿನಾಗ. ಊರಿಂದ ಹೊಲಕ್ಕೆ ಎರಡೂವರೆ ಕಿಲೋಮೀಟರ್. ನಡುವೆ ಬಾವಿ ಇಲ್ಲ, ಬೋರ್ ಇಲ್ಲ. ಒಂದು ಹಳ್ಳ ಇದೆ, ಬೇಸಿಗೆ ಹೊತ್ತಿಗೆ ಅದರಲ್ಲಿ ಉಸುಕು ಬಿಟ್ಟರೆ ಏನೂ ಇರುವುದಿಲ್ಲ. ಮಳೆ ಬೀಳುವುದರೊಳಗೆ ತೊಗರಿ ಹೊಲ ಹರಗಿ ಇಡಬೇಕೆಂದು ಅಪ್ಪ ನಸುಕಿನಲ್ಲೇ ಬಂಡಿ ಹೂಡಿಕೊಂಡು ಹೋಗಿದ್ದ. ಎತ್ತುಗಳಿಗೆ ಎರಡು ಕೊಡ ನೀರು, ತನಗೆ ಹಸಿ ಗೋಣಿತಟ್ಟು ಸುತ್ತಿದ ಐದು ಲೀಟರಿನ ಕ್ಯಾನು. ಎರಡು ಗಂಟೆ ಸುಮಾರಿಗೆ ಪಕ್ಕದ ಹೊಲದ ಕಾಕಾ ನೋಡಿದಾಗ ಅಪ್ಪ ಬೇವಿನ ಗಿಡದ ಬುಡಕ್ಕೆ, ನಮಾಜಿನ ಹಾಸು ಜಾನಮಾಜಿನ ಮೇಲೆಯೇ ಒರಗಿ ಬಿದ್ದಿದ್ದ. ಮೈ ಕಾದ ಹಂಚು. ಬೆವರಿಲ್ಲ. ಮಾತು ತೊದಲುತ್ತಿತ್ತು. ಕ್ಯಾನು ಖಾಲಿ.

ಕಾಕಾ ಟಂಟಂ ತರಿಸಿ ದವಾಖಾನೆಗೆ ಒಯ್ದರು. ಅವರಿಲ್ಲದಿದ್ದರೆ ಇವತ್ತು ನಾನು ಈ ಬರಹ ಬರೆಯುತ್ತಿರಲಿಲ್ಲ. ಕಲಬುರಗಿಯಿಂದ ನಾನು ಮುಟ್ಟುವಷ್ಟರಲ್ಲಿ ಎರಡು ಸಲೈನ್ ಏರಿಸಿದ್ದರು. ಮೈಯಲ್ಲಿ ನೀರೇ ಇಲ್ಲ, ಇಂಥ ಬಿಸಿಲಾಗ ನೀರು ಕುಡಿಯದೆ ಹೊಲದಾಗ ನಿಂತರೆ ಹೆಂಗ್ರೀ ಅಂತ ಡಾಕ್ಟರು ನನ್ನನ್ನೇ ಕೇಳಿದರು.

ರಾತ್ರಿ ಅಪ್ಪನಿಗೆ ಸ್ವಲ್ಪ ಚೇತರಿಕೆ ಬಂದ ಮೇಲೆ ಕೇಳಿದೆ. ಹತ್ತು ಗಂಟೆಗೇ ಕೊಡದ ನೀರು ಮುಗಿದಿತ್ತಂತೆ. ಎತ್ತು ನಾಲಿಗೆ ಚಾಚಿದ್ದು ನೋಡಲಾಗದೆ ತನ್ನ ಕ್ಯಾನಿಂದ ಅವಕ್ಕಿಷ್ಟು ಕುಡಿಸಿದನಂತೆ. ಉಳಿದದ್ದರಲ್ಲಿ ಜೋಹರ್, ಅಂದರೆ ಮಧ್ಯಾಹ್ನದ ನಮಾಜಿಗೆ ಕೈಕಾಲು ಮುಖ ತೊಳೆಯುವ ವಜೂ.

"ಅಷ್ಟೂ ನೀರು ವಜೂಕ್ಕ ಹಾಕ್ದೇನಪಾ?"

"ಮೂರ್ ಮೂರ್ ಸಲ ತೊಳೀಬೇಕಲ್ಲ ಯವ್ವಾ."

"ತಯಮ್ಮುಮ್ ಮಾಡಿದ್ರ ಆಗ್ತಿರಲಿಲ್ಲೇನು?"

ಅಪ್ಪ ಆ ಕಡೆ ಮುಖ ತಿರುಗಿಸಿದ. "ನೀರ್ ಮುಂದ ಇಟ್ಕೊಂಡು ಮಣ್ಣ ಮುಟ್ಲೇನು? ಮಣ್ಣಿನ ಕೈಲೆ ಮಾಲಿಕನ ಮುಂದ ಹೆಂಗ ನಿಂದ್ರಲಿ?"

ಈ ಒಂದು ಮಾತು ವರ್ಷವಿಡೀ ನನ್ನನ್ನು ಬಿಟ್ಟಿಲ್ಲ. ನಾನು ಧರ್ಮಶಾಸ್ತ್ರ ಓದಿದ ಆಲಿಮಾ ಅಲ್ಲ, ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಆದರೆ ಇದು ನಮ್ಮಪ್ಪನೊಬ್ಬನ ಮಾತಲ್ಲ. ನಮ್ಮ ಎಷ್ಟೋ ಹಿರಿಯರ ಮನಸ್ಸಿನಲ್ಲಿ ಇದೇ ಕೂತಿದೆ. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದ ಗೆಳೆಯ ಗೆಳತಿಯರಿಗಾಗಿ: ನಮಾಜಿಗೆ ಮೊದಲು ಮುಖ, ಮೊಣಕೈವರೆಗೆ ಕೈ ಮತ್ತು ಕಾಲು ತೊಳೆದು, ತಲೆಗೆ ಒದ್ದೆ ಕೈ ಸವರುವುದು ವಜೂ. ನೀರು ಸಿಗದಾಗ, ಅಥವಾ ನೀರು ಮುಟ್ಟಿದರೆ ಜೀವಕ್ಕೆ ತೊಂದರೆ ಅನ್ನುವಾಗ, ಅದರ ಜಾಗದಲ್ಲಿ ಮಣ್ಣಿನಿಂದ ಶುದ್ಧಿಯಾಗುವುದು ತಯಮ್ಮುಮ್. ಸ್ನಾನ ಕಡ್ಡಾಯವಾದಾಗಲೂ ನೀರಿಲ್ಲದಿದ್ದರೆ ಇದೇ ಸಾಕು. ಕುರ್‌ಆನಿನ 4ನೇ ಅಧ್ಯಾಯದ 43ನೇ ವಚನದಲ್ಲಿ, 5ನೇ ಅಧ್ಯಾಯದ 6ನೇ ವಚನದಲ್ಲಿ ನೇರವಾಗಿ ಇದರ ಅಪ್ಪಣೆ ಇದೆ. ಮೈಗೆ ಕೆಸರು ಮೆತ್ತಿಕೊಳ್ಳುತ್ತಾರೆ ಅಂತ ನನ್ನ ಸಹೋದ್ಯೋಗಿಯೊಬ್ಬರು ತಿಳಿದಿದ್ದರು. ಹಾಗೇನಿಲ್ಲ. ಮನಸ್ಸಿನಲ್ಲಿ ನೀಯತ್, ಅಂದರೆ ಸಂಕಲ್ಪ ಮಾಡಿ, ಎರಡೂ ಅಂಗೈ ಒಣ ಮಣ್ಣಿಗೆ ಬಡಿದು, ಧೂಳು ಝಾಡಿಸಿ, ಮುಖದ ಮೇಲೆ ಸವರಿಕೊಳ್ಳುವುದು. ಇನ್ನೊಮ್ಮೆ ಬಡಿದು ಮೊಣಕೈವರೆಗೆ ಎರಡೂ ಕೈ ಸವರುವುದು. ತಲೆ ಇಲ್ಲ, ಕಾಲಿಲ್ಲ. ಮುಗಿಯಿತು.

ಇದು ಬಂದ ಕತೆ ನನಗೆ ಬಹಳ ಇಷ್ಟ. ಪ್ರವಾದಿ ಮುಹಮ್ಮದರು ಒಂದು ಪ್ರಯಾಣದಲ್ಲಿದ್ದಾಗ ಅವರ ಪತ್ನಿ ಬೀಬಿ ಆಯಿಷಾ ಅವರ ಕೊರಳ ಸರ ಕಳೆದುಹೋಯಿತು. ಅದನ್ನು ಹುಡುಕಲೆಂದು ಇಡೀ ತಂಡ ಅಲ್ಲೇ ನಿಂತಿತು. ನಿಂತ ಜಾಗದಲ್ಲಿ ನೀರಿಲ್ಲ, ಜನರ ಹತ್ತಿರವೂ ಇಲ್ಲ. ಜನ ಹೋಗಿ ತಂದೆ ಅಬೂಬಕರ್ ಅವರಿಗೆ ದೂರು ಹೇಳಿದರು, ನೋಡ್ರಿ ನಿಮ್ಮ ಮಗಳು ಏನು ಮಾಡಿದ್ದಾಳೆ ಅಂತ. ಅವರು ಬಂದು ಮಗಳ ಪಕ್ಕೆಗೆ ತಿವಿದು ತಿವಿದು ಬೈದರು. ಪ್ರವಾದಿಯವರು ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು, ನಿದ್ದೆ ಕೆಡಬಾರದೆಂದು ಆಕೆ ಅಲುಗಾಡದೆ ಕೂತಿದ್ದರು. ಬೆಳಗಾದರೂ ನೀರಿಲ್ಲ. ಆಗ ತಯಮ್ಮುಮಿನ ವಚನ ಇಳಿಯಿತು. ಒಂಟೆಯನ್ನು ಎಬ್ಬಿಸಿದರೆ ಸರ ಅದರ ಅಡಿಯಲ್ಲೇ ಇತ್ತು. ಒಬ್ಬ ಹೆಣ್ಣುಮಗಳ ಕಳೆದ ಸರದಿಂದ ಲೋಕದ ಮುಸಲ್ಮಾನರಿಗೆಲ್ಲ ಈ ಅನುಕೂಲ ಸಿಕ್ಕಿತು. ಅಬೂಬಕರ್ ಮನೆಯವರಿಂದ ನಮಗೆ ಸಿಕ್ಕ ಬರಕತ್, ಅಂದರೆ ಕೃಪೆ, ಇದೇ ಮೊದಲನೆಯದಲ್ಲ ಎಂದು ಪ್ರವಾದಿಯವರ ಸಂಗಾತಿ ಉಸೈದ್ ಬಿನ್ ಹುಜೈರ್ ಆಗಲೇ ಹೇಳಿದರು.

ಅಪ್ಪ ಮನೆಗೆ ಬಂದ ಮೇಲೆ ಊರ ಮಸೀದಿಯಲ್ಲಿ ನಮಾಜು ಮಾಡಿಸುವ ಪೇಶ್ ಇಮಾಮ್ ನೋಡಲು ಬಂದರು. ವಯಸ್ಸು ಮೂವತ್ತೂ ದಾಟಿಲ್ಲ. ಅಪ್ಪನ ಕಾಲ ಬಳಿ ಕೂತು ಎಷ್ಟು ಮೆತ್ತಗೆ ಹೇಳಿದರು ಅಂದರೆ, ನಾನು ಬಾಗಿಲ ಹಿಂದೆ ನಿಂತು ಕೇಳುತ್ತಾ ಅತ್ತುಬಿಟ್ಟೆ.

"ಚಾಚಾ, ನಿಮ್ಮ ಕ್ಯಾನಿನ್ಯಾಗ ಇದ್ದದ್ದು ವಜೂದ ನೀರಲ್ಲ, ಕುಡಿಯೋ ನೀರು. ಕುಡಿಲಾಕ ಬೇಕಾದ ನೀರು ಶರೀಅತ್‌ದ ಲೆಕ್ಕದಾಗ ಇಲ್ಲದ ನೀರು."

ಅವರು ಒಂದೊಂದೇ ಬಿಡಿಸಿ ಹೇಳಿದರು. ನಮ್ಮದು ಹನಫಿ ಪದ್ಧತಿ, ಸುನ್ನಿಗಳ ಧರ್ಮಶಾಸ್ತ್ರದ ಪದ್ಧತಿಗಳಲ್ಲೊಂದು. ನೀರು ಒಂದು ಮೀಲು, ಅಂದರೆ ಒಂದೂಮುಕ್ಕಾಲು ಕಿಲೋಮೀಟರಿನ ಆಸುಪಾಸು ದೂರ ಇದ್ದರೆ ತಯಮ್ಮುಮ್ ಮಾಡಬಹುದು. ಬಾವಿ ಇದ್ದು ಹಗ್ಗ ಕೊಡ ಇಲ್ಲದಿದ್ದರೂ ಮಾಡಬಹುದು. ನೀರಿನ ಹಾದಿಯಲ್ಲಿ ವೈರಿಯ ಅಥವಾ ಕಾಡುಪ್ರಾಣಿಯ ಭಯ ಇದ್ದರೂ ಆದೀತು. ಇದ್ದ ನೀರು ತನ್ನ ಬಾಯಾರಿಕೆಗೆ, ಜತೆಗಾರನ ಬಾಯಾರಿಕೆಗೆ, ಕೊನೆಗೆ ತನ್ನ ಜಾನುವಾರಿನ ಬಾಯಾರಿಕೆಗೆ ಬೇಕಾಗಿದ್ದರೂ ಅದನ್ನು ಮುಟ್ಟದೆ ತಯಮ್ಮುಮ್ ಮಾಡಬೇಕು. ಹಿಟ್ಟು ಕಲಸುವ ನೀರಿಗೂ ಇದೇ ಮಾತು, ಆದರೆ ಸಾರು ಕುದಿಸುವ ನೀರಿಗೆ ಈ ರಿಯಾಯ್ತಿ ಇಲ್ಲ. ಇದನ್ನು ಕೇಳಿ ನಮ್ಮವ್ವ ಒಲೆ ಮುಂದಿಂದಲೇ, "ಹೌದಲ್ಲ, ಸಾರಿಲ್ಲದ ರೊಟ್ಟಿ ತಿನ್ನಬಹುದು" ಅಂದಳು. ನೂರಾರು ವರ್ಷ ಹಿಂದೆ ಈ ನಿಯಮ ಬರೆದವರು ರೊಟ್ಟಿಯ ಹಿಟ್ಟಿನವರೆಗೂ ಯೋಚಿಸಿದ್ದಾರೆ, ಎತ್ತಿನ ನಾಲಿಗೆಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಅದನ್ನು ಕಲಿತ ನಾವು ಬಾಯಿಪಾಠ ಒಪ್ಪಿಸಿ ಮರೆತಿದ್ದೇವೆ. ಮಸೀದಿಯ ಪಾಠಶಾಲೆ ಮಕ್ತಬಿನಲ್ಲಿ ತಯಮ್ಮುಮಿನ ಫರ್ಜ್, ಅಂದರೆ ಕಡ್ಡಾಯ ಭಾಗ, ಎಷ್ಟು ಅಂದರೆ ಮೂರು ಅಂತ ನಾನೂ ಒಂದೇ ಉಸಿರಿಗೆ ಹೇಳುತ್ತಿದ್ದೆ. ಯಾರೂ ಒಂದು ಸಲ ನಮ್ಮನ್ನು ಹೊರಗೆ ಕರೆದೊಯ್ದು ಮಣ್ಣಿಗೆ ಕೈ ಬಡಿಸಲಿಲ್ಲ.

ಆಮೇಲೆ ಪೇಶ್ ಇಮಾಮರು ಗಾಯಾಳುವಿನ ಕತೆ ಹೇಳಿದರು. ಪ್ರಯಾಣದಲ್ಲಿ ಒಬ್ಬನ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ಅವನಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮಿಗೆ ಅವಕಾಶ ಉಂಟೇ ಅಂತ ಜತೆಗಾರರನ್ನು ಕೇಳಿದ. ನೀರಿದೆಯಲ್ಲ, ಅವಕಾಶ ಇಲ್ಲ ಅಂದರು. ಅವನು ಸ್ನಾನ ಮಾಡಿದ, ಸತ್ತ. ಸುದ್ದಿ ಕೇಳಿ ಪ್ರವಾದಿಯವರು ಸಿಟ್ಟಾದರು. ಆ ಜತೆಗಾರರೇ ಅವನನ್ನು ಕೊಂದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ ಎಂದರು. ಅಬೂದಾವೂದ್ ಸಂಗ್ರಹದಲ್ಲಿರುವ ಹದೀಸು, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಇದು.

ನನ್ನ ಸಿಟ್ಟೂ ಅಲ್ಲೇ ಇದೆ. ಅಪ್ಪ ದವಾಖಾನೆಯಿಂದ ಬಂದ ವಾರವೇ ಒಬ್ಬ ಹಿರಿಯರು ಮನೆಯಲ್ಲಿ ಚಹಾ ಕುಡಿಯುತ್ತಾ, ನಿಮ್ಮಪ್ಪನ ಈಮಾನ್, ದೇವರ ಮೇಲಿನ ನಂಬಿಕೆ ನೋಡವ್ವಾ, ಜೀವ ಹೋದರೂ ವಜೂ ಬಿಡಲಿಲ್ಲ ಅಂತ ಹೊಗಳಿದರು. ಅಪ್ಪನ ಮುಖ ಅರಳಿತು. ನಾನು ಆಗ ಸುಮ್ಮನಿದ್ದೆ, ಹಾಗೆ ಇರಬಾರದಿತ್ತು. ದೇವರೇ ಕೊಟ್ಟ ಅಪ್ಪಣೆಯನ್ನು ಬೇಡ ಅನ್ನುವುದನ್ನು ನಾವು ಭಕ್ತಿ ಅಂತ ಹೊಗಳುತ್ತೇವೆ. ಇಂಥ ಹೊಗಳಿಕೆಯಿಂದ ಇನ್ನೊಬ್ಬ ಮುದುಕ ಇನ್ನೊಂದು ಹೊಲದಲ್ಲಿ ಬೀಳುತ್ತಾನೆ.

ಮನೆಯಲ್ಲಿ ನಲ್ಲಿ ಬರುತ್ತಿರುವಾಗ ಸೋಮಾರಿತನಕ್ಕೆ ಮಣ್ಣಿಗೆ ಕೈ ಬಡಿದರೆ ಅದು ತಯಮ್ಮುಮ್ ಆಗುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ನೀರು ಕೈಗೆ ಸಿಕ್ಕ ಗಳಿಗೆಯಲ್ಲೇ ಅದು ಮುರಿಯುತ್ತದೆ. ಹೊತ್ತು ಮೀರುವುದರೊಳಗೆ ನೀರು ಸಿಗುವ ನಂಬಿಕೆ ಇದ್ದರೆ ಕಾಯುವುದು ಒಳ್ಳೆಯದು. ಆದರೆ ಮಾಡಿ ಮುಗಿಸಿದ ನಮಾಜನ್ನು, ಆಮೇಲೆ ನೀರು ಸಿಕ್ಕಿತೆಂದು ಮತ್ತೆ ಮಾಡಬೇಕಿಲ್ಲ. ಅಪ್ಪನಿಗೆ ಬಹಳ ಸಮಾಧಾನ ಕೊಟ್ಟದ್ದು ಈ ಮಾತು.

ನೀರು ಇರುವಲ್ಲಿಯೂ ಪ್ರವಾದಿಯವರ ವಜೂಕ್ಕೆ ಒಂದು ಮುದ್ದ್, ಅಂದರೆ ಒಂದು ಬೊಗಸೆಯಷ್ಟು ನೀರು ಸಾಕಾಗುತ್ತಿತ್ತು. ಕಲಬುರಗಿಯಲ್ಲಿ ಟ್ಯಾಂಕರಿಗೆ ಕಾಯ್ದು ಕೊಡ ತುಂಬಿಸಿಕೊಂಡ ಓಣಿಯಲ್ಲೇ, ಮಸೀದಿಯಲ್ಲಿ ವಜೂ ಮಾಡುವ ತೊಟ್ಟಿ ಹೌಜಿನ ಬಳಿ ನಲ್ಲಿ ಪೂರಾ ತಿರುಗಿಸಿ ಮಾತಾಡುತ್ತಾ ವಜೂ ಮಾಡುವವರನ್ನು ನೋಡಿದಾಗೆಲ್ಲ ನನಗೆ ಅಪ್ಪನ ಖಾಲಿ ಕ್ಯಾನು ನೆನಪಾಗುತ್ತದೆ.

ಇನ್ನು ಮಣ್ಣಿನ ಮಾತು. ಭೂಮಿಯನ್ನು ನನಗೆ ಮಸೀದಿಯನ್ನಾಗಿಯೂ ಶುದ್ಧಿ ಮಾಡುವಂಥದ್ದಾಗಿಯೂ ಕೊಡಲಾಗಿದೆ ಎಂದು ಪ್ರವಾದಿಯವರು ಹೇಳಿದ್ದಾರೆ. ಭಟ್ಕಳ, ಮಂಗಳೂರು ಕಡೆಯ ಶಾಫಿ ಪದ್ಧತಿಯವರಿಗೆ ಕೈಗೆ ಹತ್ತುವ ಧೂಳಿರುವ ಮಣ್ಣೇ ಬೇಕು. ನಮ್ಮ ಹನಫಿಯಲ್ಲಿ ಭೂಮಿಯ ಜಾತಿಯದ್ದು ಯಾವುದಾದರೂ ಸರಿ, ಉಸುಕು, ಸುಣ್ಣ, ಧೂಳಿಲ್ಲದ ಕಲ್ಲೂ ನಡೆಯುತ್ತದೆ. ಸುಟ್ಟರೆ ಬೂದಿಯಾಗುವ ಕಟ್ಟಿಗೆ, ಕರಗುವ ಕಬ್ಬಿಣ ನಡೆಯುವುದಿಲ್ಲ. ಹಾಗಾದರೆ ನಮ್ಮ ಕಡೆ ಮನೆಮನೆಯಲ್ಲಿ ಹಾಸಿರುವ ಶಹಾಬಾದಿ ಪರಸಿ? ಪೇಶ್ ಇಮಾಮರು ನಕ್ಕು, "ಸ್ವಚ್ಛ ಇದ್ರ ಸಾಕು, ಅದೂ ನೆಲದ ಹೊಟ್ಟಿಯಿಂದ ಬಂದ ಕಲ್ಲೇ ಅಲ್ಲೇನು ಚಾಚಾ" ಅಂದರು.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರ ನಮ್ಮ ಹೊಲದ ಎರಿ ಮಣ್ಣು?" ಅಂತ ಕೇಳಿದ. ಅರವತ್ತು ವರ್ಷ ಅದರಲ್ಲೇ ಕೈಯಾಡಿಸಿದವನು.

"ಅದಕ್ಕಿಂತ ಪಾಕ್ ಮತ್ತೇನದ?" ಅಂದರು ಅವರು.

ಈ ವರ್ಷ ಮೇ ತಿಂಗಳಲ್ಲಿ ಸೂಟಿಗೆ ಊರಿಗೆ ಹೋಗಿದ್ದೆ. ಮಜ್ಜಿಗೆ ತಂಬಿಗೆ ಹಿಡಿದು ಹೊಲಕ್ಕೆ ಹೋದರೆ ಅಪ್ಪ ಬೇವಿನ ಗಿಡದ ನೆರಳಲ್ಲಿ ರುಮಾಲು ಬಿಚ್ಚಿಟ್ಟು ಕೂತಿದ್ದ. ನೆಲ ಕೈ ಇಳಿಯುವಷ್ಟು ಬಿರುಕು ಬಿಟ್ಟಿತ್ತು. ಹೊಲದ ಒಡ್ಡಿನ ಒಣ ಮಣ್ಣಿಗೆ ಎರಡೂ ಅಂಗೈ ಬಡಿದು, ಒಂದಕ್ಕೊಂದು ತಟ್ಟಿ ಝಾಡಿಸಿ, ಕಣ್ಣು ಮುಚ್ಚಿ ಮುಖದ ಮೇಲೆ ಇಳಿಸಿಕೊಂಡ. ಬಿಳಿ ಗಡ್ಡದ ಅಂಚಿಗೆ ಒಂದಿಷ್ಟು ಕಪ್ಪು ಧೂಳು ನಿಂತಿತು. ಇನ್ನೊಮ್ಮೆ ಬಡಿದು ಎಡಗೈಯಿಂದ ಬಲಗೈ, ಬಲಗೈಯಿಂದ ಎಡಗೈ, ಮೊಣಕೈವರೆಗೆ.

ನಮಾಜು ಮುಗಿಸಿ ಎದ್ದವನು ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು ಮಜ್ಜಿಗೆ ಕುಡಿದ. ಆಮೇಲೆ ಕ್ಯಾನು ಎತ್ತಿ ಅಲ್ಲಾಡಿಸಿ ನೋಡಿದ, ಅರ್ಧದ ಮೇಲೆ ಇತ್ತು. ಬುಟ್ಟಿಗೆ ಸುರಿದು ಎತ್ತಿನ ಮುಂದೆ ಇಟ್ಟ.