ಸ್ಪಷ್ಟನೆ: 'ಜನ ಜಾಸ್ತಿಯಾದಷ್ಟೂ ಒಳ್ಳೆಯದು' ಎಂದು ಪಾರ್ಫಿಟ್ ಹೇಳಿಲ್ಲ

ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: 'ಬದುಕು ಎಷ್ಟೇ ಕಷ್ಟದ್ದಾದರೂ ಹೆಚ್ಚು ಜನ ಹುಟ್ಟಿದರೇ ಒಳ್ಳೆಯದು ಎಂದು ಆಕ್ಸ್‌ಫರ್ಡ್‌ನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ ಸಾಬೀತು ಮಾಡಿದ್ದಾರೆ.' ಇದು ತಪ್ಪು.

1984ರಲ್ಲಿ ಅವರು ಒಂದು ಲೆಕ್ಕ ಮುಂದಿಟ್ಟರು. ಸಾವಿರ ಕೋಟಿ ಜನ ತುಂಬ ಚೆನ್ನಾಗಿ ಬದುಕುತ್ತಿದ್ದಾರೆ ಅಂದುಕೊಳ್ಳಿ. ಸುಖವನ್ನು ಸುಮ್ನೆ ಕೂಡಿಸುತ್ತಾ ಹೋದರೆ ಇದಕ್ಕಿಂತ 'ಉತ್ತಮ'ವಾದ ಇನ್ನೊಂದು ಲೋಕ ಸಿಗುತ್ತದೆ. ಅಲ್ಲಿ ಜನ ಎಷ್ಟೋ ಪಟ್ಟು ಜಾಸ್ತಿ. ಆದರೆ ಒಬ್ಬೊಬ್ಬರ ಬದುಕೂ 'ಬದುಕಬಹುದು' ಅನ್ನುವ ಗೆರೆಗಿಂತ ಕೂದಲೆಳೆಯಷ್ಟೇ ಮೇಲೆ. ಮುಂದೆ ಒಂದು ಲೇಖನದಲ್ಲಿ ಅಂಥ ಬದುಕನ್ನು ಅವರೇ ಕಣ್ಣಿಗೆ ಕಟ್ಟುವಂತೆ ತೋರಿಸಿದರು: ತಿನ್ನಲು ಆಲೂಗಡ್ಡೆ, ಕೇಳಲು ಲಿಫ್ಟಿನಲ್ಲಿ ಹಾಕುವಂಥ ಸಪ್ಪೆ ಸಂಗೀತ. ಅಷ್ಟೇ. ಈ ತೀರ್ಮಾನಕ್ಕೆ ಅವರು ಇಟ್ಟ ಹೆಸರೇ 'ಅಸಹ್ಯ ತೀರ್ಮಾನ'. ಒಪ್ಪಿದವರು ಹಾಗೆ ಹೆಸರಿಡುತ್ತಾರಾ? 2017ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲೂ ಅದರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಲೇ ಇದ್ದರು.

2021ರಲ್ಲಿ 29 ವಿದ್ವಾಂಸರು ಸೇರಿ, ಈ ತೀರ್ಮಾನ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಒಂದು ಸಿದ್ಧಾಂತವನ್ನು ತಳ್ಳಿಹಾಕಬೇಕಿಲ್ಲ ಎಂದು ಬರೆದದ್ದು ನಿಜ. ಆದರೆ ಅದೂ 'ಹೆಚ್ಚು ಹೆರಿ' ಅನ್ನುವ ಸಲಹೆಯಲ್ಲ.

ಈ ಸಂದೇಶ ನನಗೆ ಸಿಕ್ಕಿದ್ದು ನಮ್ಮ ಮನೆಯವರ ಗ್ರೂಪಿನಲ್ಲಿ. ಎರಡನೇ ಮಗು ಬೇಡ ಅಂದ ನನ್ನ ತಂಗಿಗೆ ಉತ್ತರವಾಗಿ ಯಾರೋ ಹಾಕಿದ್ದರು. ಮೊದಲ ಹೆರಿಗೆಯಲ್ಲಿ ಅವಳು ಬದುಕಿದ್ದೇ ಹೆಚ್ಚು. ಪಾರ್ಫಿಟ್ ಲೆಕ್ಕದಲ್ಲಿ 'ಉಳಿದದ್ದೆಲ್ಲ ಸಮ' ಎಂಬ ಷರತ್ತಿದೆ, ಅಂದರೆ ಬೇರೆ ಯಾವ ವ್ಯತ್ಯಾಸವೂ ಇಲ್ಲ ಅಂದುಕೊಂಡು ಮಾಡಿದ ಲೆಕ್ಕ ಅದು. ಹೆರುವವಳ ನೋವು ಆ ಲೆಕ್ಕದೊಳಗೆ ಬಂದೇ ಇಲ್ಲ.