ಹೋಟೆಲ್ ಬರುತ್ತೆ ಅಂದ್ರೆ ಮೊದಲು ಟೇಪ್ ತಗೊಂಡು ರಸ್ತೆ ಅಳೀರಿ

ಬೆಂಗಳೂರಿನ ಹಳೇ ಬಡಾವಣೆಗಳ ವಾಟ್ಸಾಪ್ ಗುಂಪುಗಳಲ್ಲಿ ಈಗ ಹೆಚ್ಚಾಗಿ ನಡೀತಿರೋದು ಮೂರು ಜಗಳ. ಮೂಲೆ ಸೈಟಿನ ಮನೆ ಒಡೆದು ಹೋಟೆಲ್ ಮಾಡ್ತಿದ್ದಾರೆ, ಬಿಡೋದೋ ಬೇಡವೋ. ಕಿರಾಣಿ ಅಂಗಡಿ ಇದ್ದ ಮಳಿಗೆಗೆ ಹತ್ತು ನಿಮಿಷದ ಡೆಲಿವರಿಯವರ ಗೋದಾಮು ಬಂದಿದೆ, ಏನು ಮಾಡೋದು. ಪಾರ್ಕಿಗೆ ಅನುದಾನ ಬಂದಿದೆ, ಟೈಲ್ಸ್ ಹಾಕಿಸೋದೋ ಮಣ್ಣು ಹಾಗೇ ಇರಲೋ. ಮೂರರಲ್ಲೂ ಮಾತು ಒಂದೇ ಥರ ದಾರಿ ತಪ್ಪುತ್ತೆ. ಒಬ್ಬರು "ಏರಿಯಾ ಡೆವಲಪ್ ಆಗಲಿ ಬಿಡ್ರಿ" ಅಂತಾರೆ, ಇನ್ನೊಬ್ಬರು "ನಾವು ಸೈಟ್ ತಗೊಂಡಾಗ ಇಲ್ಲಿ ಎಷ್ಟು ಶಾಂತವಾಗಿತ್ತು ಗೊತ್ತಾ" ಅಂತಾರೆ, ಸಭೆ ಅಲ್ಲಿಗೆ ಮುಗಿಯುತ್ತೆ. ಮಾರನೇ ದಿನ ಗುತ್ತಿಗೆದಾರ ಕೆಲಸ ಶುರು ಮಾಡಿರ್ತಾನೆ.

ನನ್ನ ನಿಲುವು ನೇರವಾಗಿ ಹೇಳಿಬಿಡ್ತೀನಿ. ಮನೆಗಳ ನಡುವೆ ಅಂಗಡಿ, ಹೋಟೆಲ್ ಇರಲೇಬೇಕು. ನಡೆದು ಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಎರಡು ಇಡ್ಲಿ ತರೋಕಾಗದ ಬಡಾವಣೆಯಲ್ಲಿ ಒಂಟಿಯಾಗಿರೋ ವಯಸ್ಸಾದವರ ಪಾಡು ಬಹಳ ಕಷ್ಟ. ಆದರೆ ಎಷ್ಟು ದೊಡ್ಡದು, ಯಾವ ರಸ್ತೆಯಲ್ಲಿ, ಯಾವ ಷರತ್ತಿನ ಮೇಲೆ ಅನ್ನೋದನ್ನ ಅಕ್ಕಪಕ್ಕದವರು ಅಳತೆ ಮುಂದಿಟ್ಟು ಕೇಳಬೇಕು. ಬೇಕು-ಬೇಡ ಅಂತ ಕೂಗಾಡಿದರೆ ಯಾರೂ ಕೇಳಿಸ್ಕೊಳ್ಳಲ್ಲ. "ನಿಮ್ಮ ಹೊಗೆ ಕೊಳವೆ ಪಕ್ಕದ ಮನೆ ಟೆರೇಸಿಗಿಂತ ಎಷ್ಟು ಮೇಲೆ ನಿಲ್ಲುತ್ತೆ?" ಅಂತ ಕೇಳಿದರೆ ಮಾಲೀಕರು ಉತ್ತರ ಕೊಡಲೇಬೇಕಾಗುತ್ತೆ.

ಮೊದಲು ರಸ್ತೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಮಾಸ್ಟರ್ ಪ್ಲಾನ್ 2015, ಅಂದರೆ ಯಾವ ಜಾಗದಲ್ಲಿ ಏನು ಬರಬಹುದು ಅಂತ ಹೇಳೋ ಯೋಜನೆ, ಜಾರಿಗೆ ಬಂದದ್ದು 2007ರಲ್ಲಿ. ವಸತಿ ವಲಯದಲ್ಲಿ ಸಣ್ಣ ಅಂಗಡಿ, ಕ್ಲಿನಿಕ್, ಟೈಲರ್ ಇಂಥವಕ್ಕೆ ಅದು ಮಿತಿಯೊಳಗೆ ಜಾಗ ಕೊಡುತ್ತೆ. ಅದಕ್ಕಿಂತ ದೊಡ್ಡ ವ್ಯಾಪಾರಕ್ಕೆ ಸೈಟಿನ ಅಳತೆ, ರಸ್ತೆಯ ಅಗಲ ಎರಡನ್ನೂ ನೋಡುತ್ತೆ. ಕಡಿಮೆ ಅಗಲದ ರಸ್ತೆಯಲ್ಲಿ ದೊಡ್ಡ ವ್ಯಾಪಾರ ಬೇಡ ಅನ್ನೋ ಅರ್ಥದಲ್ಲಿ ಜನರ ಬಾಯಲ್ಲಿರೋ "40 ಅಡಿ ರೂಲ್" ಈ ರಸ್ತೆ ಅಗಲದ ಲೆಕ್ಕವೇ. ಎಲ್ಲರೂ ಎಡವೋದು ಅಳೆಯೋದರಲ್ಲಿ. ಟಾರಿನ ಅಂಚಿಂದ ಅಂಚಿಗೆ ಅಳೆದರೆ ತಪ್ಪು, ಈ ಕಡೆ ಕಾಂಪೌಂಡಿಂದ ಆ ಕಡೆ ಕಾಂಪೌಂಡಿಗೆ ಅಳೀಬೇಕು. ಚರಂಡಿ, ಫುಟ್‌ಪಾತ್ ಸೇರಿಯೇ ರಸ್ತೆ. ಯಾರಾದರೂ ಕಾಂಪೌಂಡನ್ನೇ ಮುಂದಕ್ಕೆ ತಂದಿದ್ದರೆ ಆ ಅಳತೆಯೂ ಕೈಕೊಡುತ್ತೆ, ಆಗ ಮಂಜೂರಾದ ಬಡಾವಣೆ ನಕ್ಷೆ ತೆಗೆಸಿ ತಾಳೆ ನೋಡಬೇಕು.

30 ಅಡಿ ರಸ್ತೆಯ ಲೆಕ್ಕ ಹಾಕಿ ನೋಡಿ. ಎರಡೂ ಬದಿ ಚರಂಡಿ-ಫುಟ್‌ಪಾತಿಗೆ ಐದೈದು ಅಡಿ ಹೋದರೆ ಟಾರು 20 ಅಡಿ. ಎರಡೂ ಕಡೆ ಕಾರು ನಿಂತರೆ ಆರಾರು ಅಡಿ ಹೋಗಿ ನಡುವೆ ಉಳಿಯೋದು 8 ಅಡಿ. ಅಗ್ನಿಶಾಮಕ ವಾಹನದ ಅಗಲವೇ ಹತ್ತಿರ ಹತ್ತಿರ 8 ಅಡಿ. ಹೋಟೆಲ್ ವಿರೋಧಿಗಳು, ಪರವಾಗಿರೋರು ಇಬ್ಬರೂ ಈ ಒಂದು ಲೆಕ್ಕದ ಮುಂದೆ ಕೂತು ಮಾತಾಡಿದರೆ ಅರ್ಧ ಜಗಳ ಕಡಿಮೆಯಾಗುತ್ತೆ.

ಇನ್ನು ಬೈಕುಗಳು. 1980ರ ದಶಕದಲ್ಲಿ ಜಯನಗರದ ಕಡೆ ಶುರುವಾದ ದರ್ಶಿನಿ ಪದ್ಧತಿಯ ಜೀವಾಳವೇ ವೇಗ: ಟೋಕನ್ ತಗೋ, ನಿಂತು ತಿನ್ನು, ಹೊರಡು. ಆದ್ದರಿಂದ "ನಮ್ಮ ಗಿರಾಕಿಗಳು ಹತ್ತೇ ನಿಮಿಷ ನಿಲ್ಲೋದು ಸಾರ್, ಪಾರ್ಕಿಂಗ್ ಸಮಸ್ಯೆನೇ ಬರಲ್ಲ" ಅಂತ ಮಾಲೀಕರು ಹೇಳೋದು ಕೇಳೋಕೆ ಸರಿ ಅನಿಸುತ್ತೆ. ಬೆಳಗ್ಗೆ 8ರಿಂದ 9ರೊಳಗೆ 120 ಜನ ಬಂದರು, ಅವರಲ್ಲಿ 60 ಜನ ಬೈಕಲ್ಲಿ ಬಂದರು, ಒಬ್ಬೊಬ್ಬರು 15 ನಿಮಿಷ ಇದ್ದರು ಅಂತಿಟ್ಟುಕೊಳ್ಳಿ. ಯಾವ ಕ್ಷಣ ನೋಡಿದರೂ 15 ಬೈಕು ನಿಂತಿರುತ್ತೆ. ಒಂದಕ್ಕೆ 3 ಅಡಿ ಅಂದರೂ 45 ಅಡಿ ಉದ್ದ ಬೇಕು. 30-40 ಸೈಟಿನ ಮುಂಭಾಗ ಇರೋದು 30 ಅಡಿ. ಮಿಕ್ಕ 15 ಅಡಿ ಪಕ್ಕದ ಮನೆ ಗೇಟು. ಹಾಗಾಗಿ ಕೇಳಬೇಕಾದ್ದು ಇಷ್ಟು: ನೆಲಮಹಡಿಯ ಮುಂಭಾಗದಲ್ಲಿ ಎಷ್ಟು ಬೈಕಿಗೆ ಜಾಗ ಬಿಡ್ತೀರಿ, ಬೆಳಗಿನ ಹೊತ್ತು ಗಾಡಿ ನಿಲ್ಲಿಸೋಕೆ ಒಬ್ಬ ಆಳು ಇಡ್ತೀರಾ? ಜಾಗ ಬಿಡೋಕಾಗಲ್ಲ ಅಂದರೆ ಅಡುಗೆಮನೆ ಚಿಕ್ಕದು ಮಾಡಿ, ದೋಸೆ ಕಲ್ಲು ಎರಡರ ಬದಲು ಒಂದು ಇಡಿ. ಗಾತ್ರ ಕಡಿಮೆ ಮಾಡೋದೂ ಒಂದು ಪರಿಹಾರ ಅಂತ ಯಾಕೋ ಯಾರಿಗೂ ಹೊಳೆಯೋದೇ ಇಲ್ಲ.

ಹೊಗೆ ಕೊಳವೆ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಅತಿ ಹೆಚ್ಚು ವರ್ಷ ಕಾಡೋ ತೊಂದರೆ ಇದು. ದೋಸೆ ಕಲ್ಲಿನಿಂದ, ಬಾಣಲೆಯಿಂದ ಏಳೋದು ಬರೀ ಹೊಗೆಯಲ್ಲ, ಎಣ್ಣೆಯ ಸಣ್ಣ ಹನಿಗಳೂ ಜೊತೆಗಿರುತ್ತವೆ. ಕೊಳವೆ ಅಡ್ಡಡ್ಡ ಹೋದಷ್ಟೂ, ತಿರುವು ಜಾಸ್ತಿಯಾದಷ್ಟೂ ಆ ಎಣ್ಣೆ ಒಳಗೇ ಹೆಪ್ಪುಗಟ್ಟುತ್ತೆ. ಕೆಲವು ತಿಂಗಳಲ್ಲಿ ಜೋಡಣೆಗಳಿಂದ ಕಪ್ಪು ಜಿಡ್ಡು ಸೋರೋಕೆ ಶುರುವಾಗುತ್ತೆ, ಒಲೆಯ ಕಿಡಿ ತಾಗಿದರೆ ಕೊಳವೆಯೇ ಹೊತ್ತಿಕೊಳ್ಳುತ್ತೆ. ಕಿಟಕಿ ಒಡೆದು ಎಕ್ಸಾಸ್ಟ್ ಫ್ಯಾನ್ ಕೂರಿಸಿ ಪಕ್ಕದ ಓಣಿಗೆ ಗಾಳಿ ಬಿಡೋದಂತೂ ಒಪ್ಪಲೇಬಾರದು, ಒಣಮೆಣಸಿನಕಾಯಿ ಒಗ್ಗರಣೆ ಘಾಟು ನೇರವಾಗಿ ಎದುರು ಮನೆ ಮಲಗೋ ಕೋಣೆಗೆ ಹೋಗುತ್ತೆ. ಕೊಳವೆ ಆದಷ್ಟೂ ನೆಟ್ಟಗೆ ಮೇಲೇರಬೇಕು, ಸುತ್ತಲಿನ ಟೆರೇಸುಗಳನ್ನ ದಾಟಿ ನಿಲ್ಲಬೇಕು, ಬಾಯಿ ಆಕಾಶದ ಕಡೆಗಿರಬೇಕು. ಒಲೆ ಮೇಲಿನ ಹುಡ್‌ನಲ್ಲಿ ಬಿಚ್ಚಿ ತೊಳೆಯೋಕಾಗೋ ಸ್ಟೀಲ್ ಫಿಲ್ಟರ್ ಇರಬೇಕು, ವಾರಕ್ಕೊಮ್ಮೆಯಾದರೂ ಬಿಸಿ ಸೋಪು ನೀರಲ್ಲಿ ತೊಳೀಬೇಕು. ಬ್ಲೋವರನ್ನ, ಅಂದರೆ ಹೊಗೆ ಎಳೆದು ಕೊಳವೆಗೆ ತಳ್ಳೋ ಫ್ಯಾನನ್ನ, ಪಕ್ಕದ ಮನೆಗೆ ಅಂಟಿದ ಗೋಡೆಗೆ ಬೋಲ್ಟ್ ಮಾಡಿದರೆ ಗುಂಯ್ ಅನ್ನೋ ನಡುಕ ಇಡೀ ಗೋಡೆಗೆ ಹರಡುತ್ತೆ. ರಬ್ಬರ್ ಪ್ಯಾಡ್ ಇಟ್ಟು ಸ್ಲ್ಯಾಬ್ ಮೇಲೆ ಕೂರಿಸಿ, ಬ್ಲೋವರಿಗೂ ಕೊಳವೆಗೂ ನಡುವೆ ಕ್ಯಾನ್ವಾಸ್ ಜೋಡಣೆ ಕೊಟ್ಟರೆ ಅದು ತುಂಬಾ ಕಡಿಮೆಯಾಗುತ್ತೆ.

ಇದನ್ನೆಲ್ಲ ಕೇಳೋ ಸಮಯ ಮುಖ್ಯ. ಸ್ಲ್ಯಾಬ್ ಹಾಕೋ ಮೊದಲು ಕೇಳಿದರೆ ಕೊಳವೆಗೆ ಒಂದು ತೂತು ಬಿಡೋದು ಅಷ್ಟೇನೂ ಖರ್ಚಿನ ಕೆಲಸ ಅಲ್ಲ. ಗ್ರಾನೈಟು, ಫಾಲ್ಸ್ ಸೀಲಿಂಗ್ ಎಲ್ಲ ಮುಗಿದು ಉದ್ಘಾಟನೆಯ ಬ್ಯಾನರ್ ಕಟ್ಟಿದ ಮೇಲೆ ಕೇಳಿದರೆ ಯಾರೂ ಸ್ಲ್ಯಾಬ್ ಕೊರೆಸಲ್ಲ. ಇನ್ನೊಂದು ಮಾತು: ಒಪ್ಪಿದ ಷರತ್ತನ್ನ ಹೋಟೆಲ್ ನಡೆಸೋರ ಕೈಲಿ ಮಾತ್ರ ಬರೆಸಿಕೊಂಡರೆ ಸಾಲದು, ಕಟ್ಟಡದ ಮಾಲೀಕರ ಸಹಿಯೂ ಬೇಕು. ಬಾಡಿಗೆಯವರು ಬದಲಾಗ್ತಾರೆ. ಇಡ್ಲಿ ಹೋಟೆಲಿಗೆ ಒಪ್ಪಿದ ಜಾಗದಲ್ಲಿ ಎರಡು ವರ್ಷಕ್ಕೆ ತಂದೂರಿ ಒಲೆ ಉರೀತಿರುತ್ತೆ.

ನೀರು ಹೋಗೋ ದಾರಿ ಅದರ ನಂತರ. ಒಳಚರಂಡಿ ಪೈಪು ಹಾಕಿದ್ದು ಮನೆಗಳ ಲೆಕ್ಕಕ್ಕೆ. ಪಾತ್ರೆ ತೊಳೆದ ಜಿಡ್ಡು ನೀರು, ಹಿಟ್ಟು, ಅನ್ನದ ಗಂಜಿ ಸೇರಿ ಪೈಪಿನ ಒಳಮೈಗೆ ಅಂಟುತ್ತಾ ಹೋಗುತ್ತೆ. ಮ್ಯಾನ್‌ಹೋಲ್ ಉಕ್ಕೋದು ಹೋಟೆಲ್ ಮುಂದೆ ಅಲ್ಲ, ಇಳಿಜಾರಿನ ಕೊನೆಯ ಮನೆ ಮುಂದೆ. ಅವರಿಗೆ ಕಾರಣವೂ ಗೊತ್ತಾಗಲ್ಲ, ಹೋಟೆಲಿನವರು ತಮ್ಮದಲ್ಲ ಅಂತಾರೆ. ಇದಕ್ಕೆ ಗ್ರೀಸ್ ಟ್ರ್ಯಾಪ್, ಅಂದರೆ ನೀರಿನಿಂದ ಜಿಡ್ಡು ಬೇರೆ ಮಾಡೋ ತೊಟ್ಟಿ ಬೇಕು, ಅದೂ ಸರಿಯಾದ ಅಳತೆಯದು. ನೀರು ಅದರಲ್ಲಿ ಅರ್ಧ ಗಂಟೆಯಾದರೂ ನಿಂತು ತಣ್ಣಗಾದರೇನೇ ಎಣ್ಣೆ ಮೇಲೆ ತೇಲೋದು. ತೊಳೆಯೋ ಜಾಗದಿಂದ ನಿಮಿಷಕ್ಕೆ 20 ಲೀಟರ್ ಬರುತ್ತೆ ಅಂದರೆ 600 ಲೀಟರಿನ ತೊಟ್ಟಿ ಬೇಕು. ಸಿಂಕ್ ಕೆಳಗೆ ಇಡೋ 30 ಲೀಟರ್ ಡಬ್ಬದಲ್ಲಿ ನೀರು ನಿಲ್ಲೋದು ಒಂದೂವರೆ ನಿಮಿಷ. ತಪಾಸಣೆಗೆ ಬಂದವರಿಗೆ ತೋರಿಸೋಕೆ ಅದು ಸಾಕು, ಕೆಲಸಕ್ಕೆ ಬರಲ್ಲ. ತೊಟ್ಟಿಯ ಮುಚ್ಚಳ ಸುಲಭವಾಗಿ ತೆಗೆಯೋ ಹಾಗಿರಬೇಕು, ಮೇಲಿನ ಕೆನೆ ತೆಗೆಯೋ ದಿನ ನಿಗದಿಯಾಗಿರಬೇಕು, ತೆಗೆದ ಜಿಡ್ಡನ್ನ ಮಳೆನೀರಿನ ಚರಂಡಿಗೆ ಸುರೀಬಾರದು.

ಗ್ಯಾಸ್ ಬಗ್ಗೆ ಎರಡೇ ಮಾತು. ಹೋಟೆಲ್ ಸಿಲಿಂಡರ್ ಒಂದಕ್ಕೆ 19 ಕೆ.ಜಿ. ಒಟ್ಟು 100 ಕೆ.ಜಿ. ದಾಟಿದರೆ ಸಂಗ್ರಹಕ್ಕೆ ಲೈಸೆನ್ಸ್ ಬೇಕು, ಅಂದರೆ ತುಂಬಿದ ಐದು ಸಿಲಿಂಡರ್ ತನಕ ಸರಿ, ಆರನೆಯದಕ್ಕೆ ಕಾಗದ ಕೇಳಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹರಿದು ಅಲ್ಲೇ ಕೂರುತ್ತೆ. ಆದ್ದರಿಂದ ಬೇಸ್‌ಮೆಂಟಲ್ಲಿ, ಚರಂಡಿ ಬಾಯಿ ಪಕ್ಕದಲ್ಲಿ ಸಿಲಿಂಡರ್ ಇಟ್ಟಿದ್ದು ಕಂಡರೆ ಅವತ್ತೇ ದೂರು ಕೊಡಿ.

ಸದ್ದಿಗೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಎಲ್ಲರೂ ಪಬ್ಬಿನ ಸಂಗೀತದ ಬಗ್ಗೆ ಮಾತ್ರ ಮಾತಾಡ್ತಾರೆ. ಇಂದಿರಾನಗರ, ಕೋರಮಂಗಲದವರು ಪಟ್ಟ ಪಾಡು ನೋಡಿದರೆ ಅದು ಸಹಜವೇ. ಆದರೆ ಸಸ್ಯಾಹಾರಿ ಹೋಟೆಲೂ ಬೆಳಗಿನ ಜಾವ 4 ಗಂಟೆಗೆ ಶಟರ್ ಎಳೆದು ಗ್ರೈಂಡರ್ ಹಾಕಿ, ಸದ್ದು 45 ಡೆಸಿಬಲ್ ದಾಟಿದರೆ ನಿಯಮ ಮುರಿದ ಹಾಗೇ. ಹಿಟ್ಟು ರಾತ್ರಿ 9ರೊಳಗೆ ರುಬ್ಬಿಟ್ಟುಕೊಳ್ಳಲಿ. ಇಡ್ಲಿ-ದೋಸೆ ಹಿಟ್ಟು ಹೇಗೂ ರಾತ್ರಿಯಿಡೀ ಹುದುಗಬೇಕು.

ಗೋದಾಮಿನ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಕಿರಾಣಿ ಅಂಗಡಿ ಬಾಗಿಲು ತೆರೆದು ಕೂರುತ್ತೆ, ಬೀದಿಯವರನ್ನ ಗುರುತಿಸುತ್ತೆ, ತಿಂಗಳ ಲೆಕ್ಕ ಬರ್ಕೊಳ್ಳುತ್ತೆ. ಅರ್ಧ ಶಟರ್ ಎಳೆದ ಗೋದಾಮಿಗೆ ನಾವು ಒಳಗೆ ಹೋಗೋ ಹಾಗೇ ಇಲ್ಲ, ಅದನ್ನ ಅಂಗಡಿ ಅಂತ ಲೆಕ್ಕ ಹಾಕೋದು ಸರಿಯಲ್ಲ. ಸರಕಿನ ಲಾರಿ ಯಾವ ಹೊತ್ತಿಗೆ ಬರುತ್ತೆ, ಕೋಲ್ಡ್ ರೂಮಿನ ಕಂಪ್ರೆಸರ್ ಯಾವ ಗೋಡೆ ಕಡೆಗಿದೆ, ಬ್ಯಾಟರಿ ಚಾರ್ಜ್ ಮಾಡೋ ಜಾಗದಿಂದ ಹೊರಗೋಡಿ ಹೋಗೋಕೆ ಎರಡನೇ ಬಾಗಿಲು ಇದೆಯಾ, ಕೇಳಿ. ಆದರೆ ಸಿಟ್ಟನ್ನ ಡೆಲಿವರಿ ಹುಡುಗರ ಮೇಲೆ ತೀರಿಸ್ಕೋಬೇಡಿ. ಅವರು ನಿಮ್ಮ ಕಾಂಪೌಂಡ್ ಕಟ್ಟೆ ಮೇಲೆ ಕೂರೋದು ಒಳಗೆ ಕೂರೋಕೆ ಜಾಗ ಇಲ್ಲದ್ದಕ್ಕೆ. ಕಟ್ಟಡದೊಳಗೇ ಬೆಂಚು, ಕುಡಿಯೋ ನೀರು, ಶೌಚಾಲಯ ಕೊಡಿ ಅನ್ನೋದೇ ನಿವಾಸಿಗಳ ಮೊದಲ ಷರತ್ತಾಗಬೇಕು.

ತರಕಾರಿ ಗಾಡಿ, ಹೂವಿನವರನ್ನ ಎತ್ತಿಸಿ ಅನ್ನೋರಿಗೆ ಒಂದು ಮಾತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ 30 ದಿನದ ನೋಟಿಸ್ ಇಲ್ಲದೆ ಅವರನ್ನ ಎಬ್ಬಿಸೋ ಹಾಗಿಲ್ಲ. ಎಲ್ಲಿ ಕೂರಬೇಕು ಅನ್ನೋ ವಿಷಯ ನೋಡಿಕೊಳ್ಳೋ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಫುಟ್‌ಪಾತಲ್ಲಿ ನಡೆಯೋಕೆ 5-6 ಅಡಿ ಬಿಟ್ಟು ಗಾಡಿಗೆ ಗೆರೆ ಎಳೆದುಕೊಟ್ಟರೆ ಇಬ್ಬರಿಗೂ ಸರಿಹೋಗುತ್ತೆ.

ಈಗ ಪಾರ್ಕು. ಮೊದಲೆಲ್ಲ ಬೆಳಗ್ಗೆ 10ಕ್ಕೆ ಬೀಗ ಹಾಕಿದರೆ ತೆಗೀತಿದ್ದದ್ದು ಮಧ್ಯಾಹ್ನ ಒಂದೂವರೆಗೆ. 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೂ ತೆರೆದಿಡಬೇಕು ಅಂತ ಸರ್ಕಾರ ಹೇಳಿತು. ಆಗಲೇ ಶುರುವಾಯ್ತು, ಮಧ್ಯಾಹ್ನ ಯಾರ್ಯಾರೋ ಬಂದು ಮಲಗ್ತಾರೆ, ಜೋಡಿಗಳು ಕೂರ್ತಾರೆ ಅನ್ನೋ ತಕರಾರು. ಮನೆಕೆಲಸ ಮುಗಿಸಿ ಮುಂದಿನ ಮನೆಗೆ ಹೋಗೋ ಮೊದಲು ಅರ್ಧ ಗಂಟೆ ನೆರಳಲ್ಲಿ ಕೂರೋ ಹೆಂಗಸಿಗೂ ಪಾರ್ಕು ನಮ್ಮಷ್ಟೇ ಸೇರಿದ್ದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಸುರಕ್ಷತೆಯ ಭಯ ನಿಜ ಇದ್ದರೆ ಬೀಗದ ಬದಲು ಬೇಲಿ ಗಿಡ ನೋಡಿ: ಗಿಡ ಮೂರಡಿಗಿಂತ ಕೆಳಗೆ, ಮರದ ಕೊಂಬೆ ಏಳಡಿಗಿಂತ ಮೇಲೆ ಸವರಿದ್ದರೆ ರಸ್ತೆಯಿಂದ ಪಾರ್ಕಿನ ಒಳಗೆಲ್ಲ ಕಾಣುತ್ತೆ. ಎರಡು ಗೇಟು ತೆರೆದಿರಲಿ, ಶೌಚಾಲಯ ಬಳಸೋ ಹಾಗಿರಲಿ.

ಪಾರ್ಕಿಗೆ ನಿಜವಾದ ಅಪಾಯ ಸಿಮೆಂಟಿನದು. ಒಂದು ಎಕರೆ ಪಾರ್ಕಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಮಣ್ಣಿದ್ದರೆ ಅದರಲ್ಲಿ ಬಹುಪಾಲು ಅಲ್ಲೇ ಇಂಗುತ್ತೆ, ಕಾಂಕ್ರೀಟಿದ್ದರೆ ಇಳಿಜಾರಿನ ರಸ್ತೆಗೆ ಹೋಗುತ್ತೆ. ಅಂಚಿನುದ್ದಕ್ಕೂ 5 ಅಡಿ ಅಗಲದ ಒಂದು ನಡೆಯೋ ದಾರಿ ಮಾಡಿದರೆ ಎಕರೆಯ ಹತ್ತನೇ ಒಂದು ಭಾಗ ಹೋಗುತ್ತೆ, ಅಷ್ಟು ಸಾಕು. ಅದನ್ನೇ 8 ಅಡಿ ಮಾಡಿ, ನಡುವೆ ವೃತ್ತ, ಕಾರಂಜಿ, ಮಂಟಪ, ಓಪನ್ ಜಿಮ್ಮಿಗೆ ಸಿಮೆಂಟ್ ನೆಲ ಅಂತ ಸೇರಿಸ್ತಾ ಹೋದರೆ ಉಳಿಯೋದು ಕುಂಡಗಳು. ಮರದ ಬುಡದ ತನಕ ಇಂಟರ್‌ಲಾಕ್ ಕಲ್ಲು ಜೋಡಿಸೋದು ಎಲ್ಲ ಕಡೆ ಕಾಣುತ್ತೆ: ಕೆಳಗೆ ಜಲ್ಲಿಪುಡಿ ಕುಟ್ಟಿ ಗಟ್ಟಿ ಮಾಡ್ತಾರೆ, ಬೇರಿಗೆ ಗಾಳಿ ನೀರು ಎರಡೂ ನಿಲ್ಲುತ್ತೆ, ಕಲ್ಲು ಕೂರಿಸೋಕೆ ಅಡ್ಡ ಬಂದ ಬೇರು ಕತ್ತರಿಸ್ತಾರೆ, ಮುಂದೊಂದು ಮುಂಗಾರು ಗಾಳಿಗೆ ಮರ ಬುಡಸಮೇತ ಬೀಳುತ್ತೆ. ಕಾಂಡದ ಸುತ್ತ ಕಡೇಪಕ್ಷ 4 ಅಡಿ ಬರೀ ಮಣ್ಣು ಬಿಡಿಸಿ.

ಹುಲ್ಲುಹಾಸೂ ದುಬಾರಿ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಅಂದರೂ 1000 ಚದರ ಮೀಟರಿಗೆ 5000 ಲೀಟರ್, ದಿನವೂ ಒಂದು ಸಣ್ಣ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಜಲಮಂಡಳಿ ಕುಡಿಯೋ ನೀರನ್ನ ತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂತ ಹೇಳಿದ್ದು ನೆನಪಿರಲಿ. ಹೊಂಗೆ, ನೇರಳೆ, ಅತ್ತಿಯ ನೆರಳಲ್ಲಿ ತರಗೆಲೆ ಗುಡಿಸದೆ ಬಿಟ್ಟರೆ ನೀರೂ ಉಳಿಯುತ್ತೆ, ಗೊಬ್ಬರವೂ ಆಗುತ್ತೆ.

"ಪಾರ್ಕಿನ ಮೂಲೇಲಿ ಒಂದು ಒಳ್ಳೇ ಕೆಲಸಕ್ಕೆ ಕಟ್ಟಡ ಕಟ್ಟಿದರೆ ತಪ್ಪೇನು" ಅನ್ನೋರು ಪ್ರತಿ ಸಭೆಯಲ್ಲೂ ಇರ್ತಾರೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನ ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳೇ ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಿಲ್ಲಲ್ಲ ಅಂತ ತೀರ್ಪು ಕೊಟ್ಟಿತು, ಪ್ರಶ್ನಿಸೋ ಹಕ್ಕು ಸ್ಥಳೀಯರಿಗಿದೆ ಅಂತಲೂ ಹೇಳಿತು. ಆಸ್ಪತ್ರೆಗೇ ಕೊಡದ ಜಾಗವನ್ನ ಮಂಟಪಕ್ಕೆ ಕೊಡೋಕೆ ಯಾರಿಗೂ ಅಧಿಕಾರ ಇಲ್ಲ ಅನ್ನೋದು ನನ್ನ ವಾದ. ಪಾರ್ಕು, ಆಟದ ಮೈದಾನ, ತೆರೆದ ಜಾಗಗಳ ರಕ್ಷಣೆಗೆ 1985ರ ರಾಜ್ಯ ಕಾಯ್ದೆಯೂ ಬೆನ್ನಿಗಿದೆ.

ಇಷ್ಟೆಲ್ಲ ಯಾರ ಹತ್ರ ಹೇಳೋದು? 2020ರ ಸೆಪ್ಟೆಂಬರಿನಲ್ಲಿ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿಯ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೇ ಹೋಯ್ತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಐದು ಪಾಲಿಕೆಗಳಾದವು. ಹಾಗಾಗಿ ಮೊದಲು ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದೆ ಅಂತ ಖಚಿತಪಡಿಸಿಕೊಳ್ಳಿ. ಹೋಟೆಲಿಗಾದರೆ ಮಂಜೂರಾದ ನಕ್ಷೆ, ಟ್ರೇಡ್ ಲೈಸೆನ್ಸ್ ಎರಡರ ಪ್ರತಿ ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಪಾರ್ಕಿಗಾದರೆ ತೋಟಗಾರಿಕೆ ವಿಭಾಗದಿಂದ ಎಸ್ಟಿಮೇಟ್ ಪ್ರತಿ ತಗೊಳ್ಳಿ, ಇಂಟರ್‌ಲಾಕ್ ಎಷ್ಟು ಚದರ ಮೀಟರ್ ಅಂತ ಬರೆದಿರೋ ಸಾಲಿಗೆ ಗುರುತು ಹಾಕಿ, ಆ ದುಡ್ಡಲ್ಲಿ ಶೌಚಾಲಯ, ಕುಡಿಯೋ ನೀರು, ಇಂಗುಗುಂಡಿ ಮಾಡಿಸಿ ಅಂತ ಬರೆದು ಅಕ್ಕಪಕ್ಕದವರ ಸಹಿ ಹಾಕಿಸಿ. ಟೆಂಡರ್ ಆದ ಮೇಲೆ ಒಂದು ಐಟಂ ಬದಲಿಸೋದೂ ಬಲು ಕಷ್ಟ. ಕರೆಯೋ ಮೊದಲೇ ಪತ್ರ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.