ಬಾವುಟ ಕಾಣದಿದ್ದರೆ ಕಾಯಬೇಕಾ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ನಡೆದ ಜಟ್ಲೆಂಡ್ ಕದನದಲ್ಲಿ ಬ್ರಿಟಿಷರ ಐದನೇ ಯುದ್ಧನೌಕಾ ದಳ ತಡವಾಗಿ ಬಂದದ್ದಕ್ಕೆ ಅದರ ಅಡ್ಮಿರಲ್ ಇವಾನ್-ಥಾಮಸ್ ಹೊಣೆಯೇ?

ಪರ

'ಹೌದು' ಅನ್ನುವ ಕಡೆ ನೀವು ಬರೆಯಿರಿ ಅಂತ ಸಂಪಾದಕರು ಹೇಳಿದರು. ನನಗೆ ಅರ್ಧ ಒಪ್ಪಿಗೆ ಇದೆ. ಆ ಅರ್ಧವನ್ನೇ ಬರೆಯುತ್ತೇನೆ.

1916ರ ಮೇ 31. ಮಧ್ಯಾಹ್ನ 2.20ಕ್ಕೆ ಗಲಾಟಿಯ ಎಂಬ ಬ್ರಿಟಿಷ್ ಹಡಗು, ಶತ್ರು ಕಂಡಿದ್ದಾನೆ ಎಂದು ವೈರ್‌ಲೆಸ್ ಕಳಿಸಿತು. 2.32ಕ್ಕೆ, ಐದನೇ ದಳವೂ ಯಾರ ಕೈಕೆಳಗಿತ್ತೋ ಆ ಅಡ್ಮಿರಲ್ ಬೀಟಿ ತನ್ನ ಲಯನ್ ಹಡಗನ್ನು ದಕ್ಷಿಣದ ಕಡೆಗೆ ತಿರುಗಿಸಿದ. ಅವನ ಬ್ಯಾಟಲ್‌ಕ್ರೂಸರ್‌ಗಳೂ (ವೇಗದ ದೊಡ್ಡ ಯುದ್ಧನೌಕೆಗಳು) ತಿರುಗಿದವು. ಐದು ಮೈಲಿ ಆಚೆ ಇದ್ದ ಐದನೇ ದಳದ ನಾಲ್ಕು ಹಡಗುಗಳು, ಅಂದರೆ ಇವಾನ್-ಥಾಮಸ್ ಇದ್ದ ಬಾರ್ಹ್ಯಾಮ್, ವೇಲಿಯಂಟ್, ವಾರ್‌ಸ್ಪೈಟ್, ಮಲಯಾ ಮಾತ್ರ ಇನ್ನೂ ಏಳೆಂಟು ನಿಮಿಷ ಉತ್ತರಕ್ಕೇ ಹೋದವು. ಐದು ಮೈಲಿ ಹತ್ತು ಮೈಲಿ ಆಯ್ತು.

3.48ಕ್ಕೆ ಗುಂಡಿನ ಕಾಳಗ ಶುರು. ಈ ನಾಲ್ಕು ಹಡಗುಗಳ 15 ಇಂಚಿನ ಫಿರಂಗಿಗಳು ಬಾಯಿ ಬಿಡುವ ಹೊತ್ತಿಗೆ ನಾಲ್ಕು ಗಂಟೆ ದಾಟಿತ್ತು. ಅಷ್ಟರಲ್ಲಿ ಬೀಟಿಯ ಬ್ಯಾಟಲ್‌ಕ್ರೂಸರ್ ಇಂಡಿಫ್ಯಾಟಿಗಬಲ್ ಸಿಡಿದು ಮುಳುಗಿತ್ತು. ಅದರಲ್ಲಿ ಸಾವಿರಕ್ಕೂ ಜಾಸ್ತಿ ಜನ ಇದ್ದರು.

ಶತ್ರು ಇದ್ದಾನೆ ಅಂತ ಗೊತ್ತು. ಮುಖ್ಯಸ್ಥ ತಿರುಗಿದ್ದು ಕಣ್ಣಿಗೆ ಕಾಣುತ್ತಿದೆ. ಇನ್ನೇನು ಬೇಕಿತ್ತು? ಅದೇ ದಳದ ಮಲಯಾದ ಕ್ಯಾಪ್ಟನ್ ಸಂಜೆ ಏನು ಮಾಡಿದ ನೋಡಿ. ಒಂದೊಂದಾಗಿ ಒಂದೇ ಜಾಗದಲ್ಲಿ ತಿರುಗಿ ಅಂತ ಆಜ್ಞೆ, ಆ ಜಾಗದಲ್ಲಿ ಗುಂಡುಗಳ ಮಳೆ. ಅವನು ಸ್ವಲ್ಪ ಮುಂಚೆಯೇ ತಿರುಗಿಸಿಬಿಟ್ಟ. ತಲೆ ಓಡಿಸಬಹುದಿತ್ತು ಅನ್ನುವುದಕ್ಕೆ ಸಾಕ್ಷಿ ಅದೇ ದಳದಲ್ಲಿದೆ.

ವಿರೋಧ

ಕುರ್ಚಿಯಲ್ಲಿ ಕೂತು 'ತಲೆ ಓಡಿಸಬಹುದಿತ್ತು' ಅನ್ನುವುದು ಸುಲಭ. ಮುಂದಿನ ಹಡಗು ಸೊಂಟ ತಿರುಗಿಸಿದರೆ ನಾನೂ ತಿರುಗಿಸಬೇಕು ಅಂದರೆ ಅದು ನೌಕಾಪಡೆ ಅಲ್ಲ, ಕುರಿಮಂದೆ.

ಲಯನ್‌ನಿಂದ ಆಜ್ಞೆ ಹೋದದ್ದು ಬಾವುಟದಲ್ಲಿ. ಬಾವುಟ ಏರಿದಾಗ ಓದಿಕೊಳ್ಳಬೇಕು, ಇಳಿದಾಗ ಪಾಲಿಸಬೇಕು. ಕಲ್ಲಿದ್ದಲಿನ ದಟ್ಟ ಹೊಗೆ, ಐದು ಮೈಲಿ ದೂರ. ಬಾರ್ಹ್ಯಾಮ್‌ನಿಂದ ಅದು ಬಣ್ಣದ ಬಟ್ಟೆ ಅಂತಲೂ ಕಾಣಲಿಲ್ಲ. ದೀಪದ ಸಂಕೇತವನ್ನು ದಾಟಿಸಬೇಕಿದ್ದ ಟೈಗರ್ ಹಡಗು ದಾಟಿಸಲಿಲ್ಲ. ಇವಾನ್-ಥಾಮಸ್ ಬೀಟಿಯ ಕೈಕೆಳಗೆ ಬಂದು ಹತ್ತು ದಿನವೂ ಆಗಿರಲಿಲ್ಲ. ಅಷ್ಟರಲ್ಲಿ ಬೀಟಿ ಅವನನ್ನು ಒಮ್ಮೆಯೂ ಕೂರಿಸಿಕೊಂಡು, ಹೀಗಾದರೆ ಹೀಗೆ ಅಂತ ಹೇಳಿರಲಿಲ್ಲ.

ನನಗೆ ಈ ನೋವು ಗೊತ್ತು. ಹತ್ತು ವರ್ಷದ ಹಿಂದೆ ಎರಡು ಕಾರಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದೆವು. ಮುಂದೆ ಭಾವ, ಹಿಂದೆ ನಾನು. ಹಾಸನದಲ್ಲಿ ಭಾವ ಬೇಲೂರು ರಸ್ತೆಗೆ ತಿರುಗಿದರು. ನಡುವೆ ಕರಿ ಹೊಗೆ ಬಿಡುತ್ತಿದ್ದ ಲಾರಿ. ನಾನು ನೆಟ್ಟಗೆ ಸಕಲೇಶಪುರದ ದಾರಿ ಹಿಡಿದೆ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಚಿತ್ರಾನ್ನದ ಡಬ್ಬಿ, ಮೊಸರನ್ನ, ನೀರಿನ ಕ್ಯಾನು ಎಲ್ಲ ನಮ್ಮ ಡಿಕ್ಕಿಯಲ್ಲಿ! ಸಂಜೆ ಸಿಕ್ಕಾಗ ಹಸಿದ ಭಾವ ಎಲ್ಲರೆದುರು ಕೇಳಿದ್ದು ಒಂದೇ ಮಾತು: "ಇಂಡಿಕೇಟರ್ ಹಾಕಿದ್ದೆ, ಕಾಣಲಿಲ್ವಾ?" ಯಾವ ಘಾಟಿಯಲ್ಲಿ ಹೋಗೋದು ಅಂತ ಬೆಳಗ್ಗೆ ಹೇಳಬಹುದಿತ್ತಲ್ಲ ಅಂತ ನಾನು ಕೇಳಲಿಲ್ಲ. ಭಾವ ಅಲ್ವಾ.

ಬೀಟಿಯೂ ಊಟದ ಡಬ್ಬಿಯನ್ನೇ ಹಿಂದೆ ಬಿಟ್ಟಿದ್ದ. ಅವನ ಬಳಿ ಇದ್ದ ಅತಿ ದೊಡ್ಡ ಫಿರಂಗಿಗಳು ಐದನೇ ದಳದ್ದೇ. ಆ ದಳದ ವೇಗ 24 ನಾಟ್ ಆಸುಪಾಸು, ಅವನ ಬ್ಯಾಟಲ್‌ಕ್ರೂಸರ್‌ಗಳಿಗಿಂತ ಕಮ್ಮಿ. ನಿಧಾನದವರನ್ನು ದೂರ ನಿಲ್ಲಿಸಿ, ಅವರಿಗೆ ಕಾಯದೆ ಓಡಿದವನು ಯಾರು?

ಸಂಜೆ ಮತ್ತೆ ಅದೇ ಕತೆ. ಜರ್ಮನರ ಪೂರ್ತಿ ಪಡೆ ಎದುರಾಗಿ ಬೀಟಿ 4.40ಕ್ಕೆ ಉತ್ತರಕ್ಕೆ ತಿರುಗಿದ. ಐದನೇ ದಳಕ್ಕೆ ಹಾರಿಸಿದ ಬಾವುಟ ಇಳಿದದ್ದು ತೀರಾ ತಡವಾಗಿ. ಆ ಹೊತ್ತಿಗೆ ದಳ ಅವನನ್ನು ದಾಟಿ ಶತ್ರುವಿನ ಬಾಯಿಯ ಕಡೆಗೇ ಸಾಗಿತ್ತು. ಎರಡೂ ಸಲ ಬೀಟಿಯ ಸಿಗ್ನಲ್ ಅಧಿಕಾರಿ ಒಬ್ಬನೇ, ರಾಲ್ಫ್ ಸೇಮೂರ್. 1915ರ ಜನವರಿಯ ಡಾಗರ್ ಬ್ಯಾಂಕ್ ಕದನದಲ್ಲೂ ಅವನ ಬಾವುಟವೇ ಗೊಂದಲ ಮಾಡಿತ್ತು. ಬೀಟಿ ಅವನನ್ನು ಬದಲಿಸಿರಲಿಲ್ಲ.

ಬೀಟಿ ಆಮೇಲೆ ಇಡೀ ನೌಕಾಪಡೆಯ ಮುಖ್ಯಸ್ಥನಾದ. 1927ರಲ್ಲಿ ಚರ್ಚಿಲ್ ಪುಸ್ತಕದಲ್ಲಿ ತಡವಾದದ್ದನ್ನು ಎತ್ತಿ ಆಡಿದಾಗ, ಕಾಯಿಲೆ ಬಿದ್ದು ನಿವೃತ್ತನಾಗಿದ್ದ ಇವಾನ್-ಥಾಮಸ್ ಪತ್ರಿಕೆಗೆ ಪತ್ರ ಬರೆದು ಉತ್ತರ ಕೊಡಬೇಕಾಯಿತು. ಮರುವರ್ಷ ತೀರಿಕೊಂಡ.

ನಮ್ಮ ಭಾವ ಈಗಲೂ ಮದುವೆ ಮನೆಗಳಲ್ಲಿ ಆ ಚಿತ್ರಾನ್ನದ ಕತೆ ಹೇಳುತ್ತಾರೆ. ಲಾರಿ ಮಾತ್ರ ಅದರಲ್ಲಿ ಬರುವುದೇ ಇಲ್ಲ.